ಮಗಳ ಪಾಠಕ್ಕೆ ಹೋದ ಪೀಟಿ ಮೇಷ್ಟ್ರು

ಶಾಲೆಯ ಮೈದಾನದಲ್ಲಿ ನಮ್ಮ ಮನೆಯವರಷ್ಟು ತಾಳ್ಮೆಯ ಪೀಟಿ ಮೇಷ್ಟ್ರು ಇನ್ನೊಬ್ಬರಿಲ್ಲವಂತೆ. ನಾನಲ್ಲ, ಊರು ಹೇಳುವ ಮಾತು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಓಡುವ ಮಗುವಿನ ಹಿಂದೆಯೇ ಓಡಿ, ಕೈ ಬೀಸು, ಮಂಡಿ ಎತ್ತು, ಉಸಿರು ಬಿಡು ಎಂದು ಒದರಿ ಅದನ್ನು ಮುಗ್ಗರಿಸಿ ಬೀಳಿಸುತ್ತಿದ್ದರು. ವರ್ಷಗಳು ಉರುಳಿದಂತೆ ಬುದ್ಧಿ ಬಂತು. ಈಗ ಮಗು ಎರಡು ಮೂರು ಸಲ ತಪ್ಪುವವರೆಗೂ ಸುಮ್ಮನೆ ನೋಡುತ್ತಾರೆ, ಆಮೇಲೆ ಒಂದೇ ಮಾತು, ಅದೂ ಕಿವಿಯ ಹತ್ತಿರ ಬಗ್ಗಿ. ಈ ಅನುಭವವನ್ನೆಲ್ಲ ಸೀಟಿಯ ಜೊತೆ ಶಾಲೆಯ ಬೀರುವಿನಲ್ಲೇ ಬೀಗ ಹಾಕಿಟ್ಟು ಮನೆಗೆ ಬರುತ್ತಾರೆ ಎಂಬುದು ಮಾತ್ರ ಊರಿಗೆ ಗೊತ್ತಿಲ್ಲ. ನಾನು ನೆಲ ಒರೆಸಲು ಬಗ್ಗಿದರೂ ಬೆನ್ನು ನೆಟ್ಟಗಿಡು ಎನ್ನುತ್ತಾರೆ ಮಾರಾಯರು.

ಮಗಳೂ ಪೀಟಿ ಟೀಚರ್ ಆಗಲೆಂದೇ ಓದಿದಳು. ಪಕ್ಕದ ಬಡಾವಣೆಯ ಶಾಲೆಯಲ್ಲಿ ಒಂದು ಹುದ್ದೆ ಖಾಲಿಯಿತ್ತು; ಮುಖ್ಯೋಪಾಧ್ಯಾಯಿನಿಯ ಮುಂದೆ ಪಾಠ ಮಾಡಿ ತೋರಿಸಬೇಕಿತ್ತು. ಈಗಾಗಲೇ ಎರಡು ಕಡೆ ಕೆಲಸ ಕೈತಪ್ಪಿ ಅವಳು ಸೊರಗಿಹೋಗಿದ್ದಳು. ಇದೂ ಹೋದರೆ ಏನು ಗತಿ ಎಂಬ ಚಿಂತೆ ನನಗೆ. ಅಪ್ಪ ಆ ಕಡೆ ತಲೆ ಹಾಕಬಾರದು ಎಂದು ಹೇಳಿಯೇ ಹೋಗಿದ್ದಳು. ಇವರು ಕೇಳಬೇಕಲ್ಲ? ನನ್ನನ್ನೂ ಎಳೆದುಕೊಂಡು ಹೋಗಿ, ಮಕ್ಕಳನ್ನು ಕರೆದೊಯ್ಯಲು ಕಾದಿದ್ದ ಪೋಷಕರ ನಡುವೆ ಬೇಲಿಗೆ ಅಂಟಿಕೊಂಡು ನಿಂತರು.

ಅವತ್ತಿನ ಪಾಠ ಚಾಪೆಯ ಮೇಲೆ ಲಾಗ ಹಾಕುವುದು. ಒಬ್ಬ ಹುಡುಗಿ ಕೈಯೂರಿ, ತಲೆ ತಗ್ಗಿಸಿ, ಹಾಗೇ ನಿಂತುಬಿಟ್ಟಳು. ಮಗಳು ಪಕ್ಕದಲ್ಲಿ ಮಂಡಿಯೂರಿ ಕೈ ಆಸರೆ ಕೊಟ್ಟು ನೋಡುತ್ತಿದ್ದಳು, ಮಾತಿಲ್ಲ. ಮುಖ್ಯೋಪಾಧ್ಯಾಯಿನಿ ಏನೋ ಬರೆದುಕೊಳ್ಳತೊಡಗಿದರು. ಇವರಿಗೆ ತಡೆಯಲಾಗಲಿಲ್ಲ.

"ಗದ್ದ ಎದೆಗೆ ಒತ್ತೋಕೆ ಹೇಳಮ್ಮಾ! ಏನ್ ಸುಮ್ನೆ ನೋಡ್ತಾ ಕೂತಿದ್ದೀಯ?"

ಭೂಮಿ ಬಾಯಿ ಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು. ಮಗಳು ಕೂತಲ್ಲಿಂದ ಏಳಲಿಲ್ಲ.

"ಸರ್, ಸ್ವಲ್ಪ ಸುಮ್ನಿರಿ. ಅವಳು ಯೋಚನೆ ಮಾಡ್ತಿದ್ದಾಳೆ."

ಹೆತ್ತ ಅಪ್ಪನಿಗೆ ಸರ್! ಅಷ್ಟರಲ್ಲಿ ಆ ಹುಡುಗಿ ತಾನಾಗಿಯೇ ಗದ್ದ ಒಳಗೆಳೆದುಕೊಂಡು, ಉರುಳಿ, ನಗುತ್ತಾ ಎದ್ದು ಕೂತಳು.

ಪಾಠ ಮುಗಿದ ಮೇಲೆ ಮುಖ್ಯೋಪಾಧ್ಯಾಯಿನಿ ಮಗಳನ್ನು ಕರೆದುಕೊಂಡು ನೇರ ಬೇಲಿಯ ಹತ್ತಿರವೇ ಬಂದರು. ಇಂಥ ಪೋಷಕರನ್ನು ಸಂಭಾಳಿಸುವ ಟೀಚರೇ ತಮಗೆ ಬೇಕಾಗಿತ್ತು, ಕೆಲಸ ಈ ಹುಡುಗಿಗೇ ಎಂದರು. ಕಲಿಸುವುದನ್ನು ಕಲಿಸುವವರಿಗೆ ಬಿಡಿ ಎಂದು ನಮ್ಮ ಮನೆಯವರಿಗೆ ಬುದ್ಧಿಯನ್ನೂ ಹೇಳಿದರು. ನಿಮ್ಮ ಮಗು ಯಾವ ಕ್ಲಾಸಿನಲ್ಲಿದೆ ಎಂದು ಕೇಳಿದರು.

ಮಗಳ ಮುಖ ಬಿಳಿಚಿಕೊಂಡಿತು. ಇವರು ಅವಳನ್ನೇ ನೋಡುತ್ತಾ ಬೇಲಿಯಿಂದ ಒಂದು ಹೆಜ್ಜೆ ಹಿಂದೆ ಸರಿದರು.

"ನನ್ನ ಮಗಳು ಎಲ್ಲಾ ಕಲಿತಾಯ್ತು ಮೇಡಂ."