ತಂಗಿ ಕಾರಿನ ಕೀಂಯ್

ಅಮೆರಿಕದ ಮಿಲ್ಪಿಟಾಸಿನ ನಮ್ಮ ಅಪಾರ್ಟ್‌ಮೆಂಟಿನ ಕಾರ್‌ಪೋರ್ಟಿನಲ್ಲಿ ಅಕ್ಕ ತಂಗಿ ಪಕ್ಕಪಕ್ಕದಲ್ಲೇ ನಿಲ್ಲುತ್ತಿದ್ದರು. ಅಕ್ಕ ಕೆಳಮನೆಯ ಮಂಡ್ಯದವಳ ಕಾರು, ತಂಗಿ ನಮ್ಮದು. ಎರಡನ್ನೂ ರೂಪಿಸಿದ್ದು ಜಪಾನಿನವರು, ಎರಡೂ ಹುಟ್ಟಿದ್ದು ಹತ್ತಿರದ ಫ್ರೀಮಾಂಟಿನ ಒಂದೇ ಕಾರ್ಖಾನೆಯಲ್ಲಿ. ಎಂಜಿನ್ನೂ ಒಂದೇ. ಅಕ್ಕನಿಗೆ ಜಪಾನಿ ಕಂಪನಿಯ ಹೆಸರು ಉಳಿಯಿತು, ತಂಗಿಯನ್ನು ಮಾತ್ರ ಅಮೆರಿಕದ ಕಂಪನಿಯ ಹೆಸರಿನಲ್ಲಿ ಮಾರಿದರು. "ನಮ್ಮದನ್ನ ಮದುವೆ ಮಾಡಿ ಕೊಟ್ಟಿದಾರೆ ಕಣೆ, ಅದಕ್ಕೇ ಮನೆತನ ಬದಲಾಗಿದೆ" ಎಂದು ನನ್ನ ಗಂಡ ನಗುತ್ತಿದ್ದರು. ಆಮೇಲೆ ತಂಗಿಯನ್ನು ಮಾಡುವುದನ್ನೇ ನಿಲ್ಲಿಸಿಬಿಟ್ಟರು. ಅಕ್ಕ ಇವತ್ತಿಗೂ ಹೊಸದಾಗಿ ಹುಟ್ಟುತ್ತಲೇ ಇದ್ದಾಳೆ.

ಆ ದಿನಗಳಲ್ಲಿ ಊರಿಗೆಲ್ಲ ಇಂಟರ್ನೆಟ್ ಕಂಪನಿಗಳ ಡಾಟ್‌ಕಾಮ್ ಹುಚ್ಚು. ಸುತ್ತಲಿನವರೆಲ್ಲ ಹೊಸ ಕಾರು ತಂದರೂ ಇವರು ತಂಗಿಯನ್ನು ಬಿಡಲಿಲ್ಲ. ಸಂಜೆ ಬಂದು, ಕಂಬದ ಪಕ್ಕ ನುಗ್ಗಿಸಲು ಸ್ಟೀರಿಂಗನ್ನು ಪೂರ್ತಿ ತಿರುಗಿಸಿದಾಗ ಎಂಜಿನ್ನಿನ ಬೆಲ್ಟು ಕೀಂಯ್ ಎನ್ನುತ್ತಿತ್ತು. ಆ ಸದ್ದಿಗೆ ನಾನು ಕಾಫಿಗೆ ಹಾಲಿಡುತ್ತಿದ್ದೆ.

ಬೇಸಿಗೆಯಲ್ಲಿ ಅವರು ಹೋಗಿಬಿಟ್ಟರು. ಆಫೀಸಿನಲ್ಲೇ, ಎದೆನೋವು. ಅಲ್ಲೇ ಉಳಿದಿದ್ದ ಕಾರನ್ನು ಕೆಲವು ದಿನಗಳ ಮೇಲೆ ಮಗಳು ತಂದು ನಿಲ್ಲಿಸಿದಳು. ಕೀಂಯ್ ಎಂದಿತು. ನಾನು ಒಲೆಯ ಹತ್ತಿರ ಓಡಿದ್ದೆ.

ಮುಂದೆ ಫ್ರೀವೇಯಲ್ಲಿ ಯಾರೋ ಹಿಂದಿನಿಂದ ಗುದ್ದಿದರು. ಮಗಳಿಗೆ ಏನೂ ಆಗಲಿಲ್ಲ, ತಂಗಿಯ ಹಿಂಭಾಗ ನಜ್ಜುಗುಜ್ಜಾಯಿತು. ಅದೇ ಹೊತ್ತಿಗೆ ಅಕ್ಕನ ಎಂಜಿನ್ನು ಕೆಟ್ಟು ಕೂತಿತ್ತು. ಇದರದ್ದು ಅದಕ್ಕೆ ಕೂರುತ್ತದೆ ಎಂದ ಮೆಕ್ಯಾನಿಕ್ಕು.

"ನಿಮ್ಗೆ ಮನಸಿಲ್ದಿದ್ರೆ ಬ್ಯಾಡ ಆಂಟಿ" ಎಂದು ಮಂಡ್ಯದವಳು ಹಿಂಜರಿದಳು.

"ತಗೊಂಡ್ ಹೋಗೆ. ಗುಜರಿಗೆ ಹಾಕಿದ್ರೆ ಸಂಜೆ ನಾನೇನ್ ಕೇಳಿಸ್ಕೊಳ್ಲಿ?"

ಬೆಲ್ಟಿನ ಸಮೇತ ಎಂಜಿನ್ನು ಅಕ್ಕನೊಳಗೆ ಸೇರಿತು. ಸಂಜೆಯ ಕೀಂಯ್ ವಾಪಸು ಬಂತು. ಅದೊಂದು ಉಳಿದರೆ ಸಾಕಿತ್ತು ನನಗೆ.

ಆಯುಧಪೂಜೆ ಬಂತು. ಸಾವಾದ ವರ್ಷ ಮನೆಯಲ್ಲಿ ಹಬ್ಬ ಮಾಡುವ ಹಾಗಿಲ್ಲ. ಆದರೆ ಅವರ ಎಂಜಿನ್ನನ್ನು ಪೂಜೆಯಿಲ್ಲದೆ ಬಿಡುವುದು ಹೇಗೆ? ಬೆಳಿಗ್ಗೆ ಮಂಡ್ಯದವಳು ಸ್ನಾನಕ್ಕೆ ಹೋದ ಹೊತ್ತು ನೋಡಿ ಕಳ್ಳಿಯ ಹಾಗೆ ಇಳಿದೆ. ಬಾನೆಟ್ಟಿಗೆ ಕುಂಕುಮ ಹಚ್ಚಿ ಚಕ್ರದಡಿ ನಿಂಬೆಹಣ್ಣು ಇಡುತ್ತಿದ್ದೆ.

"ಆಂಟಿ! ಈ ವರ್ಷ ನಿಮ್ಗೆ ಹಬ್ಬ ಇಲ್ವಲ್ಲ!" ತಲೆಗೆ ಟವೆಲು ಸುತ್ತಿಕೊಂಡೇ ಬಂದಿದ್ದಳು.

"ನಂಗಿಲ್ಲ ಕಣೆ. ನಿನ್ ಕಾರಿಗೇನು ಸೂತಕಾನಾ?"

ಅವಳು ನಗುತ್ತಾ, ನಿಂಬೆಹಣ್ಣಿನ ಮೇಲೆ ಚಕ್ರ ಹಾಯಿಸಲು ಕಾರು ಹತ್ತಿ ಕೂತಳು. ನಿಂಬೆಹಣ್ಣು ಪಚಕ್ಕೆಂದಿತು. ಹೊರಗೆ ಬರಲು ಸ್ಟೀರಿಂಗನ್ನು ಪೂರ್ತಿ ತಿರುಗಿಸಿದಳು. ನಾನು ಕಿವಿಗೊಟ್ಟು ನಿಂತಿದ್ದೆ. ಏನೂ ಇಲ್ಲ.

"ಎಲ್ಲೇ ಕೀಂಯ್?"

"ಅಯ್ಯೋ, ಬೆಲ್ಟ್ ಬದ್ಲಾಯ್ಸಿ ವಾರ ಆಯ್ತು ಆಂಟಿ. ನಮ್ಮೆಜಮಾನ್ರು ತಲೆನೋವು ಅಂತ ಬಯ್ತಿದ್ರು. ನಿಮ್ಗೆ ಹೇಳಕ್ಕೆ ಧೈರ್ಯ ಬರ್ಲಿಲ್ಲ. ಬೇಜಾರಾಯ್ತಾ?"

ಹಿಂದಿನ ಸಂಜೆಯೂ ನಾನು ಆ ಕೀಂಯ್ ಕೇಳಿದ್ದೆ. ಕೇಳಿಯೇ ಹಾಲಿಟ್ಟಿದ್ದೆ.

"ಇಲ್ಲ ಬಿಡೆ" ಎಂದೆ.

ಆ ದಿನ ಸಂಜೆ ಕಿಟಕಿಯಲ್ಲಿ ನಿಂತು ಕಾದೆ. ಅಕ್ಕ ಬಂದಳು, ತಿರುಗಿದಳು, ಸದ್ದಿಲ್ಲದೆ ನಿಂತಳು. ಪಕ್ಕದ ನಮ್ಮ ಜಾಗ ಖಾಲಿಯಿತ್ತು. ಮಂಡ್ಯದವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾನು ಪರದೆ ಎಳೆದೆ.

ಆಮೇಲೆ ಕೇಳಿಸಿತು, ಕೀಂಯ್. ನಾನು ಹಾಲಿಟ್ಟು ಲೋಟ ಜೋಡಿಸಿದೆ.

"ಅಮ್ಮಾ, ನಾವಿಬ್ರೇ ಇರೋದು. ಮೂರ್ ಲೋಟ ಯಾಕೆ?" ಎಂದಳು ಮಗಳು.

"ತಡಿಯೆ, ಅವ್ರಿನ್ನೂ ಮೆಟ್ಲು ಹತ್ಬೇಕಲ್ಲ" ಎಂದೆ.