ಜಿನ್ನಿಯ ಕಿವಿಯಲ್ಲಿದ್ದ ಹತ್ತಿ

ಆರಿನ್ ಟ್ಯಾಕೆಟ್ ಇನ್ನೂರಕ್ಕೂ ಹೆಚ್ಚು ಸಲ ಸತ್ತಿದ್ದ. ಗುಂಡೇಟಿಗೆ ಕುದುರೆಯಿಂದ ಉರುಳಿ ಸತ್ತಿದ್ದ, ಬಂಡೆಯಿಂದ ಬಿದ್ದು ಸತ್ತಿದ್ದ. ಒಂದು ಸಿನಿಮಾದಲ್ಲಂತೂ ಬೆಳಿಗ್ಗೆ ದರೋಡೆಕೋರನಾಗಿ ಸತ್ತು, ಊಟವಾದ ಮೇಲೆ ಮೀಸೆ ಅಂಟಿಸಿಕೊಂಡು ಸೈನಿಕನಾಗಿ ಇನ್ನೊಮ್ಮೆ ಸತ್ತಿದ್ದ. ಇಷ್ಟೆಲ್ಲ ಸತ್ತರೂ ತುಟಿ ಪಿಟಕ್ಕೆಂದಿರಲಿಲ್ಲ. ಮಾತಾಡುವವರು ನಟರು, ನೆಲ ಕಚ್ಚುವವರು ಸವಾರರು, ಅಷ್ಟೇ ಲೆಕ್ಕ. ತನ್ನ ದನಿಯಲ್ಲಿ ಒಂದೇ ಒಂದು ಮಾತು ಪರದೆಯಿಂದ ಕೇಳಿಬರಬೇಕು ಎಂಬುದು ಅವನ ಇಪ್ಪತ್ತೆರಡು ವರ್ಷದ ಆಸೆಯಾಗಿತ್ತು.

ಆಸೆಗೆ ಆಧಾರವೂ ಇತ್ತು. ಓಕ್ಲಹೋಮಾದಲ್ಲಿ ಅವನ ಅಪ್ಪ ದನಗಳ ಹರಾಜು ಕೂಗುತ್ತಿದ್ದ. ಆ ದನಿ ಮೂರು ಹೊಲ ದಾಟುತ್ತಿತ್ತು, ಮಗನಿಗೂ ಅದೇ ಬಂದಿತ್ತು. ೧೯೨೯ರಲ್ಲಿ ಆರಿನ್ ಕುದುರೆ ಆಟದ ತಂಡದ ಜೊತೆ ಲಾಸ್ ಏಂಜಲೀಸ್‌ಗೆ ಬಂದ. ತಂಡ ಅಲ್ಲೇ ಮುರಿದುಬಿತ್ತು. ಸವಾರರೆಲ್ಲ ಟೊಪ್ಪಿ ಹಾಕಿಕೊಂಡು ಕೆಲಸಕ್ಕೆ ಕಾಯುವ ಬೀದಿಮೂಲೆಯಲ್ಲಿ ಅವನೂ ಹೋಗಿ ನಿಂತ. ಎದುರಿನ ಹೋಟೆಲಿನಲ್ಲಿ ಬಡಿಸುತ್ತಿದ್ದವಳು ಲಿಯೋಟಾ. ಅವನು ಮೊದಲ ಸಲ ‘ಇನ್ನೊಂದು ಕಾಫಿ’ ಎಂದಾಗ ಒಳಗೆ ಪಾತ್ರೆ ತೊಳೆಯುವವನೂ ಹೊರಗೆ ಬಂದು ನೋಡಿದನಂತೆ. ಲಿಯೋಟಾ ಮದುವೆಯಾದದ್ದು ಆ ದನಿಯನ್ನು. ಮನುಷ್ಯ ಜೊತೆಗೆ ಬಂದ.

ಸಿನಿಮಾದ ಕೋವಿಯಲ್ಲಿ ಗುಂಡಿರುವುದಿಲ್ಲ, ಸದ್ದು ಮಾತ್ರ ಅಸಲಿ. ಅದಕ್ಕೇ ಲಾಯದ ಮುಖ್ಯಸ್ಥ ಚಾನೋ ಇಬಾರಾ ಪ್ರತಿ ಕುದುರೆಯ ಕಿವಿಗೂ ಹತ್ತಿ ತುರುಕುತ್ತಿದ್ದ. ಸವಾರರಿಗೆ ಹತ್ತಿ ಕೊಡಬೇಕೆಂದು ಯಾರಿಗೂ ತೋಚಲಿಲ್ಲ. ಕುದುರೆ ಕೆಟ್ಟರೆ ನಷ್ಟ, ಸವಾರ ಕೆಟ್ಟರೆ ಬೀದಿಮೂಲೆಯಲ್ಲಿ ಇನ್ನೊಬ್ಬ ಇದ್ದೇ ಇದ್ದ.

ಎರಡನೇ ಮಹಾಯುದ್ಧ ಮುಗಿದ ಮರುವರ್ಷ ಆರಿನ್‌ನ ಎಡಗಿವಿ ಪೂರ್ತಿ ಹೋಯಿತು, ಬಲಗಿವಿ ಅರ್ಧ ಉಳಿಯಿತು. ಗೊತ್ತಿದ್ದದ್ದು ಲಿಯೋಟಾಗೆ ಮಾತ್ರ. ಕೂಗು ಕೇಳದ ಸವಾರ ಓಟದ ನಡುವೆ ಉಳಿದವರ ಕುತ್ತಿಗೆ ಮುರಿಸುತ್ತಾನೆ, ಅಂಥವನನ್ನು ಒಂದು ದಿನವೂ ಇಟ್ಟುಕೊಳ್ಳುತ್ತಿರಲಿಲ್ಲ. ಆದರೆ ಆರಿನ್‌ಗೆ ಲಾಯದ ಕಂದು ಹೆಣ್ಣುಕುದುರೆ ಜಿನ್ನಿ ಇದ್ದಳು. ನಿರ್ದೇಶಕ ಕೂಗಿದರೆ ಅವಳ ಎರಡೂ ಕಿವಿ ನಿಮಿರುತ್ತಿದ್ದವು, ಪಕ್ಕದಲ್ಲಿ ಯಾರಾದರೂ ಮಾತಾಡಿದರೆ ಆ ಕಡೆಯ ಕಿವಿ ಹೊರಳುತ್ತಿತ್ತು. ಐದು ವರ್ಷ ಅವನು ಕೇಳಿದ್ದೆಲ್ಲ ಅವಳ ಕಿವಿಯಿಂದ. ಅದಕ್ಕಾಗಿ ಚಾನೋಗೆ ಒಂದು ಸುಳ್ಳು ಹೇಳಿಟ್ಟಿದ್ದ: ‘ಜಿನ್ನಿಗೆ ಹತ್ತಿ ಬೇಡ ಕಣೋ. ಹಾಕಿದ್ರೆ ತಲೆ ಒದರ್ತಾಳೆ.’

೧೯೫೧ರ ವಸಂತದಲ್ಲಿ ಸಹಾಯಕ ನಿರ್ದೇಶಕ ಫೀನಿ ಅವನಿಗೊಂದು ಮಾತಿನ ಪಾತ್ರ ಕೊಟ್ಟ. ದರೋಡೆಯಲ್ಲಿ ಎಲ್ಲವನ್ನೂ ಕಳೆದುಕೊಂಡ ದನಗಾಹಿ ಕುದುರೆ ಮೇಲೆ ಕೂತು ಗುಡ್ಡ ನೋಡುತ್ತಿರುತ್ತಾನೆ. ಊರು ಕಾಯುವ ಅಧಿಕಾರಿ ಶೆರೀಫ್ ಹಿಂದಿನಿಂದ, ಎಡಕ್ಕೆ ಬಂದು ‘ಎಷ್ಟು ಜನ ಉಳಿದ್ರಿ?’ ಎನ್ನುತ್ತಾನೆ. ‘ನಾನೊಬ್ಬನೇ ಉಳಿದಿರೋದು, ಶೆರೀಫ್’ ಎಂದು ಇವನು ಹೇಳಬೇಕು. ಹೇಳಿದ ಕೂಡಲೇ ಪಕ್ಕದ ಬಂಡೆಯಿಂದ ಗುಂಡು.

ಎರಡು ವಾರ ಅಡುಗೆಮನೆಯಲ್ಲಿ ಲಿಯೋಟಾ ಸೌಟು ಹಿಡಿದು ಶೆರೀಫ್ ಆದಳು. ‘ಹಿಂದೆ ನಿಂತು ಕೇಳಿದ್ರೆ ನಿನಗೆ ಹೇಗೆ ಗೊತ್ತಾಗತ್ತೆ?’ ಎಂದು ಅವನ ಬಲಗಿವಿಗೆ ಬಾಯಿಟ್ಟು ಕೇಳಿದಳು.

‘ಜಿನ್ನಿ ಹೇಳ್ತಾಳೆ.’

‘ಹಾಗಾದ್ರೆ ಪಾತ್ರ ಅವಳಿಗೇ ಕೊಡಬಹುದಿತ್ತು.’

ಊರ ಹೊರಗಿನ ಚಾಟ್ಸ್‌ವರ್ತ್‌ನ ಬಂಡೆಗಳ ನಡುವೆ ಕ್ಯಾಮೆರಾ ಓಡತೊಡಗಿತು. ಆರಿನ್ ಗುಡ್ಡದತ್ತ ಮುಖ ಮಾಡಿ, ಜಿನ್ನಿಯ ಕಿವಿಯ ಮೇಲೆ ಕಣ್ಣಿಟ್ಟು ಕೂತ. ಕಿವಿ ಅಲುಗಲಿಲ್ಲ. ಅವನು ಕಾದೇ ಕಾದ. ಫೀನಿ ಎದುರಿಗೆ ಬಂದು ಕೈಬೀಸಿದಾಗಲೇ ಪ್ರಶ್ನೆ ಬಂದುಹೋಗಿದೆ ಎಂದು ತಿಳಿದದ್ದು.

‘ಏನಪ್ಪಾ, ಹೆಣವಾಗಿದ್ದೂ ಇದ್ದೂ ಅದೇ ಅಭ್ಯಾಸ ಆಗೋಯ್ತಾ?’ ಎಂದ ಫೀನಿ. ‘ಇದರಲ್ಲಿ ನೀನು ಬದುಕಿದ್ದೀಯ. ಬಾಯಿ ಬಿಡು.’

ಸುತ್ತ ಇದ್ದವರು ನಕ್ಕರು. ಎರಡನೇ ಸಲ ಅಂದಾಜಿನ ಮೇಲೆ ಬಾಯಿ ಬಿಟ್ಟ, ಶೆರೀಫ್ ಇನ್ನೂ ಕೇಳಿಯೇ ಇರಲಿಲ್ಲ.

‘ಇನ್ನೊಂದೇ ಸಲ,’ ಎಂದ ಫೀನಿ. ‘ಆಗಲಿಲ್ಲ ಅಂದ್ರೆ ಇಳಿ, ಬೇರೆಯವನು ಹತ್ತಲಿ.’

ಆರಿನ್ ಕುದುರೆಯ ಕುತ್ತಿಗೆ ತಟ್ಟಲು ಬಗ್ಗಿದಾಗ ಅವಳ ಕಿವಿಯೊಳಗೆ ಬೆಳ್ಳಗೆ ಏನೋ ಕಂಡಿತು. ಕೋವಿ ಇಷ್ಟು ಹತ್ತಿರ ಹಾರುತ್ತದೆಂದು, ವಯಸ್ಸಾದವಳೆಂದು, ಚಾನೋ ಅವನನ್ನು ಕೇಳದೆ ಹತ್ತಿ ಇಟ್ಟಿದ್ದ. ಇಟ್ಟದ್ದು ಸರಿಯಾಗಿಯೇ ಇತ್ತು. ಆರಿನ್‌ಗೆ ಅದು ಚೆನ್ನಾಗಿ ಗೊತ್ತಿತ್ತು, ಗೊತ್ತಿದ್ದೂ ಎರಡೂ ಕಿವಿಯ ಹತ್ತಿ ಕಿತ್ತು ಕೆಳಗೆ ಹಾಕಿದ.

ಮೂರನೇ ಸಲ ಜಿನ್ನಿಯ ಎಡಗಿವಿ ಹಿಂದಕ್ಕೆ ಹೊರಳಿತು. ಅದು ಮತ್ತೆ ಮುಂದಕ್ಕೆ ಬರುವವರೆಗೆ ಕಾದು, ಆರಿನ್ ಅಪ್ಪನ ಹರಾಜಿನ ದನಿಯಲ್ಲಿ ತನ್ನ ಮಾತು ಹೇಳಿದ. ಧ್ವನಿ ಮುದ್ರಿಸುತ್ತಿದ್ದವನು ಕಿವಿಯ ಹೆಡ್‌ಫೋನ್ ಕಿತ್ತು ಮುಖ ಹಿಂಡಿದ್ದು ಅವನಿಗೆ ಕಾಣಲಿಲ್ಲ. ಗುಂಡು ಹಾರಿತು. ಜಿನ್ನಿ ಮುಂಗಾಲೆತ್ತಿ ನಿಂತು, ಇಳಿದು, ಮೈಯೆಲ್ಲ ನಡುಗುತ್ತ ತಲೆಯನ್ನು ಒದರತೊಡಗಿದಳು. ಅವನ ಸುಳ್ಳು ಐದು ವರ್ಷದ ಮೇಲೆ ನಿಜವಾಯಿತು.

ಚಾನೋ ಮಣ್ಣಿನಿಂದ ಹತ್ತಿ ಹೆಕ್ಕಿಕೊಂಡು ಬಂದ. ಪಿತ್ತ ನೆತ್ತಿಗೇರಿತ್ತು. ಆರಿನ್‌ನ ಎಡಕ್ಕೆ ನಿಂತು ಬಾಯಿಗೆ ಬಂದಂತೆ ಬೈದ. ಆರಿನ್ ತಿರುಗಿಯೂ ನೋಡಲಿಲ್ಲ. ಜಿನ್ನಿಯ ಕಿವಿ ಹೊರಳಿದಾಗ ಮಾತ್ರ ತಿರುಗಿದ. ಅದನ್ನು ಕಂಡು ಚಾನೋ ಅರ್ಧಕ್ಕೇ ನಿಂತ. ಆಮೇಲೆ ಅವನ ಮುಂದೆ ಬಂದು, ತುಟಿ ಕಾಣುವಂತೆ ನಿಧಾನವಾಗಿ ಹೇಳಿದ: ‘ಬೇಡ ಬೇಡ ಅಂದಿದ್ದು ಇದಕ್ಕಾ? ನಿನ್ನ ಕಿವಿ ಹೋಯ್ತು ಅಂತ ಅವಳದ್ದೂ ತೆಗೆದ್ಯಲ್ಲೋ. ಯಾರಿಗೂ ಹೇಳಲ್ಲ ನಾನು. ಇನ್ನು ಇವಳ ಮೇಲೆ ಹತ್ತಬೇಡ.’

ಜಿನ್ನಿ ಇಲ್ಲದೆ ಆರಿನ್ ಯಾವ ಕುದುರೆಯನ್ನೂ ಹತ್ತುವಂತಿರಲಿಲ್ಲ. ಅವಳ ನೆನಪಾದಾಗಲೆಲ್ಲ ನಾಚಿಕೆಯಿಂದ ಕುಗ್ಗಿಹೋಗುತ್ತಿದ್ದ. ಬೀದಿಮೂಲೆಗೆ ಹೋಗುವುದನ್ನೂ ಬಿಟ್ಟ. ಉಳಿದದ್ದು ಆ ಒಂದು ಮಾತು. ಅದು ಬೆಳ್ಳಿತೆರೆಗೆ ಬರುವ ಹೊತ್ತಿಗೆ ಬಲಗಿವಿಯೂ ಹೋಗಿತ್ತು.

ಮಧ್ಯಾಹ್ನದ ಆಟಕ್ಕೆ ಗಂಡಹೆಂಡಿರು ಒಳ್ಳೆ ಬಟ್ಟೆ ಹಾಕಿಕೊಂಡು ಹೋದರು. ಬಂಡೆ, ಗುಡ್ಡ, ಜಿನ್ನಿ. ಪರದೆಯ ಮೇಲೆ ಅವನ ತುಟಿ ಅಲುಗಿತು. ಬಂದ ದನಿ ಯಾರೋ ಎಳೆ ಹುಡುಗನದು, ತೆಳ್ಳಗೆ, ಪಟ್ಟಣದ ನಯದಲ್ಲಿ. ಲಿಯೋಟಾಗೆ ಮೊದಲ ಅಕ್ಷರಕ್ಕೇ ಗೊತ್ತಾಯಿತು. ಕಿವಿಗಡಚಿಕ್ಕುವ ಆ ಹರಾಜಿನ ದನಿ ಸಿನಿಮಾದವರಿಗೆ ಬೇಡವಾಗಿತ್ತು.

ಆರಿನ್ ಅವಳ ಕೈ ಹಿಡಿದುಕೊಂಡ. ‘ಹೇಗಿತ್ತು ನನ್ನ ದನಿ?’ ಎಂದ. ಮುಂದಿನ ಸಾಲಿನವರೆಲ್ಲ ತಿರುಗಿ ನೋಡಿದರು.

ಲಿಯೋಟಾ ತನ್ನ ತುಟಿ ಅವನಿಗೆ ಕಾಣುವಂತೆ ಪರದೆಯ ಬೆಳಕಿಗೆ ಮುಖ ತಿರುಗಿಸಿದಳು.

‘ಅದೇ,’ ಎಂದಳು. ‘ಕಾಫಿ ಕೇಳಿದ ದನಿ.’