ಇಸ್ತ್ರಿ ಅಕ್ಕನ ಸೇತುವೆ

ನಮ್ಮಪ್ಪ ದರ್ಜಿ. ಅಂಗಿ, ಪ್ಯಾಂಟು ಹೊಲಿಯುವುದು ಬಿಟ್ಟು ಎಷ್ಟೋ ವರ್ಷವಾಯಿತು. ಈಗ ಹೊಲಿಯುವುದು ಉದ್ಘಾಟನೆಯ ಪರದೆಗಳನ್ನು. ಊರವರ ಬಾಯಲ್ಲಿ ಪರದೆಯಣ್ಣ. ನಾಮಫಲಕದ ಮುಂದೆ ಎರಡು ತುಂಡು ಪರದೆ, ಮೇಲೊಂದು ಕಂಬಿ, ಪಕ್ಕದಲ್ಲಿ ಇಳಿಬಿಟ್ಟ ಹಗ್ಗ. ಅತಿಥಿ ಎಳೆದರೆ ಪರದೆ ಸರಿಯಬೇಕು. ಆದರೆ ಅತಿಥಿಗಳಿಗೆ ಹಗ್ಗ ಎಳೆಯುವುದಕ್ಕೂ ಬರುವುದಿಲ್ಲ. ಒಬ್ಬರಂತೂ ಕಂಬಿಯನ್ನೇ ಕಿತ್ತು ತಲೆ ಮೇಲೆ ಬೀಳಿಸಿಕೊಂಡಿದ್ದರು. ಅಂದಿನಿಂದ ಅವರ ಕೈಗೆ ಕೊಡುವುದು ಬರೀ ತೋರಿಕೆಯ ಹಗ್ಗ. ನಿಜವಾದ ಹಗ್ಗ ಹಿಡಿದು ಅಪ್ಪ ಫಲಕದ ಹಿಂದೆ ಕುಕ್ಕರುಗಾಲಲ್ಲಿ ಕೂತಿರುತ್ತಾನೆ. ಚಪ್ಪಾಳೆ ಅವರಿಗೆ, ಸೊಂಟನೋವು ಇವನಿಗೆ.

ಸಾಹೇಬರು ತೀರಿಕೊಂಡ ವರ್ಷ ಅಪ್ಪನಿಗೆ ಉಸಿರಾಡಲೂ ಪುರುಸೊತ್ತಿರಲಿಲ್ಲ. ಊರಿನ ದೊಡ್ಡ ನಾಯಕರಲ್ಲವೇ? ಬಸ್ ನಿಲ್ದಾಣಕ್ಕೆ ಅವರ ಹೆಸರು, ಉದ್ಯಾನಕ್ಕೆ ಅವರ ಹೆಸರು, ಆಸ್ಪತ್ರೆಗೆ, ವಾಚನಾಲಯಕ್ಕೆ, ಕೊನೆಗೆ ನೀರಿನ ಟ್ಯಾಂಕಿಗೂ. ಸಾಹೇಬರು ಕೆಟ್ಟವರೇನಲ್ಲ. ಅವರು ಹೋದ ದಿನ ಅಪ್ಪ ಅಂಗಡಿ ಮುಚ್ಚಿ ಅತ್ತಿದ್ದ. ಒಬ್ಬ ಮನುಷ್ಯನ ಹೆಸರಿಗೆ ಎಷ್ಟು ಜಾಗ ಬೇಕು ಎಂದು ನಾನು ಗೊಣಗಿದರೆ ಬಾಯಿ ಮುಚ್ಚಿಸುತ್ತಿದ್ದ.

ಆಮೇಲೆ ರೈಲು ಹಳಿ ಮೇಲಿನ ಕಾಲುಸೇತುವೆಯ ಸರದಿ ಬಂತು.

ಅದು ನಮ್ಮಮ್ಮನ ಸೇತುವೆ. ಅಮ್ಮ ಹಳಿಯ ಆಚೆ ಬದಿ ತಳ್ಳುಗಾಡಿ ಇಟ್ಟು ಇಸ್ತ್ರಿ ಮಾಡುತ್ತಿದ್ದಳು. ಒಂದು ಸಂಜೆ ಬಟ್ಟೆ ಗಂಟು ಹೊತ್ತು ಹಳಿ ದಾಟುವಾಗ ರೈಲು ಬಂದುಬಿಟ್ಟಿತು. ಬೀದಿಯವರೆಲ್ಲ ಹಳಿ ಮೇಲೆ ಕೂತು ಹಟ ಹಿಡಿದ ಮೇಲೆ ಸೇತುವೆ ಕಟ್ಟಿದರು. ಫಲಕ ಯಾರೂ ಹಾಕಲಿಲ್ಲ. ಜನ ತಾವಾಗಿಯೇ ಇಸ್ತ್ರಿ ಅಕ್ಕನ ಸೇತುವೆ ಎಂದರು. ಅಮ್ಮನದು ಅಂತ ನಮಗೆ ಉಳಿದಿದ್ದು ಅಷ್ಟೇ.

ಅಪ್ಪ ಕೌನ್ಸಿಲರ್ ಮನೆಗೆ ಹೋಗಿ ಬೇಡಿಕೊಂಡ. "ಅದೊಂದನ್ನ ಬಿಟ್ಬಿಡಿ ಸಾರ್."

"ಅದಕ್ಕೆ ಬೋರ್ಡೇ ಇಲ್ವಲ್ಲಣ್ಣ. ಖಾಲಿ ಇದ್ದಿದ್ದಕ್ಕೆ ತಾನೇ ಹೆಸರಿಡ್ತಿರೋದು?" ಎಂದರು ಅವರು. "ಪರದೆ ಮಾತ್ರ ನೀನೇ ಹಾಕ್ಬೇಕು."

ಒಪ್ಪಿಕೊಳ್ಳಬೇಡ ಎಂದು ನಾನು ಜಗಳಕ್ಕೇ ನಿಂತೆ. "ನಾನಲ್ದಿದ್ರೆ ಇನ್ನೊಬ್ಬ ಹಾಕ್ತಾನೆ. ಹಗ್ಗ ನನ್ ಕೈಯಲ್ಲಾದ್ರೂ ಇರ್ಲಿ," ಎಂದ. ಏನು ಮಾಡುವ ಯೋಚನೆಯೋ ಹೇಳಲಿಲ್ಲ. ಆ ವಾರವಿಡೀ ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಮೂರು ಸಲ ಹೊಲಿಗೆ ಬಿಚ್ಚಿ ಮೂರು ಸಲ ಹೊಲಿದ.

ಸಮಾರಂಭದಲ್ಲಿ ಅತಿಥಿ ಹಗ್ಗ ಎಳೆದರು. ಪರದೆ ಅಲುಗಲಿಲ್ಲ. ಮತ್ತೆ ಎಳೆದರು. ಜನ ಕಿಸಕ್ಕೆಂದರು. ಎಳೀಬೇಡಪ್ಪ, ಎಳೀಬೇಡ ಎಂದು ಮನಸ್ಸಿನಲ್ಲೇ ಕೂಗುತ್ತಿದ್ದೆ. ಆಗ ಪರದೆ ನಿಧಾನವಾಗಿ ಸರಿಯಿತು.

"ಸಂದಿಯಿಂದ ಸಾಹೇಬ್ರ ಹೆಂಡ್ತಿ ಮುಖ ಕಾಣ್ತಿತ್ತು ಕಣೆ," ಎಂದ ಅಪ್ಪ ಮನೆಗೆ ಬಂದು. "ಬೋರ್ಡ್ ನೋಡೋಕೆ ಕಾದು ನಿಂತಿದ್ರು. ಆಕೆಗೂ ಹೋಗಿರೋದು ಮನೆಯವರೇ ಅಲ್ವಾ?"

ನನಗೆ ಸಿಟ್ಟು ನೆತ್ತಿಗೇರಿತು. ಅಪ್ಪನಿಗೂ ನೆಮ್ಮದಿ ಇರಲಿಲ್ಲ. ಯಾರಾದರೂ ಸಾಹೇಬರ ಸೇತುವೆ ಎಂದರೆ ಸಾಕು, ಮೈಮೇಲೆ ಬೀಳುತ್ತಿದ್ದ. ಹಾಲಿನವನ ಜೊತೆ ಜಗಳ, ಪೋಸ್ಟಿನವನ ಜೊತೆ ಜಗಳ. ಹಾದಿಹೋಕರನ್ನೂ ನಿಲ್ಲಿಸಿ ಅಮ್ಮನ ಕಥೆ ಹೇಳುತ್ತಿದ್ದ. ಪರದೆಯಣ್ಣನಿಗೆ ತಲೆ ಕೆಟ್ಟಿದೆ ಎಂದು ಜನ ದಾರಿ ಬದಲಿಸಿದರು.

ಮೊನ್ನೆ ನಾನು ಮಗುವನ್ನು ಎತ್ತಿಕೊಂಡು ತವರಿಗೆ ಹೊರಟಿದ್ದೆ. ಆಟೋದವನು ಹೊಸಬ. ಇಸ್ತ್ರಿ ಅಕ್ಕನ ಸೇತುವೆ ಎಂದರೆ ಅವನಿಗೆ ತಿಳಿಯದು. ಇನ್ನೊಂದು ಹೆಸರು ಹೇಳಲು ನನಗೆ ಬಾಯಿ ಬಾರದು. ಊರೆಲ್ಲ ಸುತ್ತಿದೆವು. ಮಗು ಕಿರುಚತೊಡಗಿತು. ಅಪ್ಪನಿಗೆ ಫೋನ್ ಹಚ್ಚಿ ಆಟೋದವನ ಕೈಗೆ ಕೊಟ್ಟೆ. ಅಪ್ಪ ಹಳಿ ಎಂದ, ಮೆಟ್ಟಿಲು ಎಂದ, ಅಮ್ಮನ ಹೆಸರು ಎರಡು ಸಲ ಹೇಳಿದ. ಇವನು "ಯಾವ್ದು ಸಾರ್, ಯಾವ್ದು?" ಎನ್ನುತ್ತಲೇ ಇದ್ದ. ಮಗು ಉಸಿರು ಕಟ್ಟಿ ಅಳುತ್ತಿತ್ತು.

"ಸಾಹೇಬರ ಸೇತುವೆ ಕಣಯ್ಯಾ!" ಅಪ್ಪ ಕೂಗಿದ್ದು ಹಿಂದೆ ಕೂತ ನನಗೂ ಕೇಳಿಸಿತು.

"ಹಾಗನ್ನಿ ಮತ್ತೆ," ಎಂದು ಆಟೋದವನು ಫೋನ್ ನನಗೆ ಕೊಟ್ಟು ಗಾಡಿ ತಿರುಗಿಸಿದ.

ಅಪ್ಪ ಇನ್ನೂ ಫೋನಿನಲ್ಲೇ ಇದ್ದ. ಉಸಿರು ಕೇಳುತ್ತಿತ್ತು. ಮೆಲ್ಲಗೆ ಹೇಳಿದ: "ನಿಮ್ಮಮ್ಮಂಗೆ ಹೇಳ್ಬೇಡ ಕಣೆ."